ಜೀಬ್ರಾ ಪಟ್ಟೆಗೆ ಪಹಣಿ

ಇಂಡೋನೇಷ್ಯಾದ ಜಕಾರ್ತಾದಲ್ಲಿ ಸುದಿರ್ಮಾನ್ ರಸ್ತೆಯ ಬದಿಯಲ್ಲಿ ಎಸ್‌ಸಿಬಿಡಿ ಅಂತ ಒಂದು ಸಿರಿವಂತ ಜಾಗವಿದೆ. ಸುದಿರ್ಮಾನ್ ಸೆಂಟ್ರಲ್ ಬಿಸಿನೆಸ್ ಡಿಸ್ಟ್ರಿಕ್ಟ್. ಗಾಜಿನ ಗೋಪುರ, ಇಸ್ತ್ರಿ ಮುರಿಯದ ಅಂಗಿ, ಕುತ್ತಿಗೆಗೆ ನೇತುಬಿದ್ದ ಐಡಿ ಕಾರ್ಡು. 2022ರ ಜುಲೈನಲ್ಲಿ ಈ ಹೆಸರನ್ನು ಹದಿಹರೆಯದ ಮಕ್ಕಳು ಹಾಡಹಗಲೇ ಹೊತ್ತೊಯ್ದರು. ಅವರ ಪ್ರಕಾರ ಎಸ್‌ಸಿಬಿಡಿ ಅಂದರೆ ಸುದಿರ್ಮಾನ್, ಚಿತಾಯಾಮ್, ಬೋಜೊಂಗ್ ಗೆಡೆ, ದೆಪೋಕ್. ಮೊದಲನೆಯದು ರೈಲು ಇಳಿಯುವ ಜಾಗ, ಉಳಿದ ಮೂರು ಹತ್ತುವ ಊರು.

ಲೋಕಲ್ ರೈಲಿಗೆ ಕೊಡಬೇಕಾದ್ದು ಕೆಲವು ಸಾವಿರ ರುಪಿಯಾ. ಗಾಬರಿ ಬೇಡ, ಅಲ್ಲಿನ ಸಾವಿರ ನಮ್ಮ ಐದಾರು ರೂಪಾಯಿ. ಸುದಿರ್ಮಾನ್ ನಿಲ್ದಾಣವಿರುವ ದುಕುಹ್ ಅತಾಸ್‌ನಲ್ಲಿ ಇಳಿದರೆ ಪಾದಚಾರಿ ಹಾದಿ, ಕೂರಲು ಕಟ್ಟೆ, ಫೋಟೋಕ್ಕೆ ಹಿನ್ನೆಲೆಯಾಗಿ ಬೇರೆಯವರು ಖರ್ಚು ಮಾಡಿ ಕಟ್ಟಿಸಿದ ಕಟ್ಟಡಗಳು. ಬಾಯಾರಿದರೆ ಸೈಕಲ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡ ಕಾಫಿಯವನಿದ್ದಾನೆ. ಅವನಿಗೆ ಜನ ಇಟ್ಟ ಹೆಸರು 'ಸ್ಟಾರ್ಲಿಂಗ್'. ಸ್ಟಾರ್‌ಬಕ್ಸ್ ಕೆಲಿಲಿಂಗ್, ಅಂದರೆ ತಿರುಗಾಡುವ ಸ್ಟಾರ್‌ಬಕ್ಸ್. ದೊಡ್ಡವರ ಹೆಸರು ಕಿತ್ತು ಬಡವರಿಗೆ ತೊಡಿಸುವುದರಲ್ಲಿ ಆ ಊರಿನವರ ಕೈ ಪಳಗಿದೆ.

ಮಕ್ಕಳಿಗೆ ವೇದಿಕೆ ಇರಲಿಲ್ಲ, ಜೀಬ್ರಾ ಪಟ್ಟೆ ಇತ್ತು. ಅಗ್ಗದ ಜಾಕೆಟ್ಟು, ದೊಗಳೆ ಪ್ಯಾಂಟು, ಎಲ್ಲಿಲ್ಲದ ಠೀವಿ. ಸಿಗ್ನಲ್ ಬಿದ್ದರೆ ಮೆರವಣಿಗೆ, ಮತ್ತೆ ಬಿದ್ದರೆ ವಾಪಸ್. ಹೆಸರು: ಚಿತಾಯಾಮ್ ಫ್ಯಾಷನ್ ವೀಕ್. ಪ್ಯಾರಿಸ್‌ನದ್ದು ವಾರಕ್ಕೆ ಮುಗಿಯುತ್ತದೆ, ಇವರ ವಾರ ಹಲವು ವಾರವಾದರೂ ಮುಗಿಯಲಿಲ್ಲ.

ಟಿಕ್‌ಟಾಕ್‌ನಲ್ಲಿ ಸುದ್ದಿಯಾಗಿದ್ದೇ ತಡ, ದೊಡ್ಡವರ ಕಾಲೂ ತುರಿಸತೊಡಗಿತು. ಮಕ್ಕಳು ಹತ್ತಿ ಬರುವ ಊರುಗಳಿರುವ ಪಶ್ಚಿಮ ಜಾವಾದ ಗವರ್ನರ್ ರಿದ್ವಾನ್ ಕಾಮಿಲ್ ಬಂದು ಪಟ್ಟೆಯ ಮೇಲೆ ನಡೆದರು. ಇಳಿಯುವ ಊರಿನ ಗವರ್ನರ್ ಅನೀಸ್ ಬಸ್ವೇದಾನ್ ಕೂಡ ಸುಮ್ಮನಿರಲಿಲ್ಲ. ವಿದೇಶಿ ಅತಿಥಿಗಳನ್ನು ಜೊತೆಗೆ ಕರೆದುಕೊಂಡೇ ನಡೆದರು. ಪ್ರವಾಸೋದ್ಯಮ ಮಂತ್ರಿ ಸಾಂದಿಯಾಗ ಉನೊ ವಿದ್ಯಾರ್ಥಿವೇತನ ಕೊಡುತ್ತೇನೆಂದರು. ಕಂಟೆಂಟ್ ಮಾಡುವುದೇ ಲೇಸು ಅಂತ ಹುಡುಗನೊಬ್ಬ ಅದನ್ನು ಬೇಡವೆಂದದ್ದೂ ಸುದ್ದಿಯಾಯಿತು. ಅತ್ತ ಪೊಲೀಸರು ರಾತ್ರಿ ಹತ್ತಾದರೆ ಸಾಕು, ಅದೇ ಮಕ್ಕಳನ್ನು ಅದೇ ಪಟ್ಟೆಯಿಂದ ಓಡಿಸುತ್ತಿದ್ದರು. ಗವರ್ನರ್ ನಡೆದರೆ ಪ್ರೋತ್ಸಾಹ, ಗವರ್ನರ್ ಯಾರನ್ನು ನೋಡಲು ಬಂದರೋ ಆ ಮಕ್ಕಳು ನಡೆದರೆ ಟ್ರಾಫಿಕ್ ಜಾಮ್.

ಆದರೆ ಕಿರೀಟ ಸಲ್ಲಬೇಕಾದ್ದು ನಟ, ಯೂಟ್ಯೂಬರ್ ಬೈಮ್ ವೊಂಗ್ ಅವರಿಗೆ. ಎಲ್ಲರೂ ಬಂದು ನಡೆದು ಹೋದರೆ ಇವರು ಪಹಣಿ ಮಾಡಿಸಲು ಹೊರಟರು! ಇವರ ಕಂಪನಿ ಸರ್ಕಾರದ ಬೌದ್ಧಿಕ ಆಸ್ತಿ ಕಚೇರಿಗೆ ಅರ್ಜಿ ಹಾಕಿತು, 'ಚಿತಾಯಾಮ್ ಫ್ಯಾಷನ್ ವೀಕ್' ಎಂಬ ಟ್ರೇಡ್‌ಮಾರ್ಕ್ ನಮಗೆ ಕೊಡಿ ಅಂತ. ರೈಲಿನಲ್ಲಿ ನಿಂತು ಬಂದವರು ಯಾರೋ, ಬಿಸಿಲಲ್ಲಿ ಬೆವರಿದವರು ಯಾರೋ, ಖಾತೆ ಮಾತ್ರ ಇವರ ಹೆಸರಿಗೆ. ಹಾಗೆ ನೋಡಿದರೆ ಮಕ್ಕಳೂ ಸಿರಿವಂತರ ಹೆಸರನ್ನು ಎಗರಿಸಿದ್ದರಲ್ಲ, ಅಂತ ಕೇಳಬಹುದು. ಎಗರಿಸಿದ್ದರು, ಅರ್ಜಿ ನಮೂನೆ ತುಂಬಿರಲಿಲ್ಲ ಅಷ್ಟೇ. ಮಕ್ಕಳು ಮಾಡಿದರೆ ತಮಾಷೆ, ಕಂಪನಿ ಮಾಡಿದರೆ ದೂರದೃಷ್ಟಿ.

ಜನ ಉಗಿದರು. ರಿದ್ವಾನ್ ಕಾಮಿಲ್ ಕೂಡ ಬಹಿರಂಗವಾಗಿಯೇ ಅರ್ಜಿ ಹಿಂಪಡೆಯಿರಿ ಅಂದರು. ಸ್ವಂತಕ್ಕಲ್ಲ, ಈ ಅಲೆಗೊಂದು ಕಾನೂನಿನ ನೆಲೆ ಸಿಗಲಿ ಅಂತ ಎಂಬುದು ಬೈಮ್ ಅವರ ಸಮಜಾಯಿಷಿ. ಕಂಡವರ ಹಿತ್ತಲಿಗೆ ಬೇಲಿ ಹಾಕುವವರು ದನ ನುಗ್ಗದಿರಲಿ ಅಂತಲೇ ಹೇಳುವುದು. ಕೊನೆಗೆ ಅರ್ಜಿ ಹಿಂದಕ್ಕೆ ಬಂತು. ತಮ್ಮದಲ್ಲದ್ದನ್ನು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟ ಕೀರ್ತಿ ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ಆ ಅಲೆಯೂ ಇಳಿಯಿತು. ಒಬ್ಬೊಬ್ಬರೇ ರೈಲು ಹತ್ತಿ ಮನೆಗೆ ಹೋದರು. ಜೀಬ್ರಾ ಪಟ್ಟೆ ಮತ್ತೆ ರಸ್ತೆ ದಾಟುವವರಿಗೆ ಉಳಿಯಿತು, ವಾಹನಗಳು ಮತ್ತೆ ಯಾರಿಗೂ ನಿಲ್ಲದೆ ಓಡತೊಡಗಿದವು.