ಹೂರಣದ ಹಿಂದಿನ ಕಾನೂನು

ಮುಖಪುಟದಲ್ಲಿ ಬೆಕ್ಕು, ಬಟ್ಟಲು, ಪುಟ್ಟ ಹೋಟೆಲಿನ ಚಿತ್ರವಿರುವ ಜಪಾನಿ ಕಾದಂಬರಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ನಾನು ಇಷ್ಟಪಟ್ಟೇ ಓದುತ್ತೇನೆ. ಆದರೆ ಅವುಗಳಲ್ಲಿ ಹಲವು ಸಾವಿನ ದುಃಖವನ್ನು ತೀರಾ ಬೇಗ ಬಗೆಹರಿಸಿಬಿಡುತ್ತವೆ ಎಂಬುದು ನನ್ನ ತಕರಾರು.

ಹಿಸಾಶಿ ಕಾಶಿವಾಯ್ ಅವರ ಕಮೊಗಾವಾ ಸರಣಿಯನ್ನೇ ನೋಡಿ. ಕ್ಯೋಟೋದಲ್ಲಿ ಫಲಕವೂ ಇಲ್ಲದ ಒಂದು ಹೋಟೆಲಿಗೆ ಬಂದವನೊಬ್ಬ, ತೀರಿಕೊಂಡ ಹೆಂಡತಿ ಮಾಡುತ್ತಿದ್ದ ಉದೊನ್ ನೂಡಲ್ಸಿನ ರುಚಿಯೇ ಬೇಕೆನ್ನುತ್ತಾನೆ. ನಿವೃತ್ತ ಪೊಲೀಸ್ ಪತ್ತೇದಾರ ನಗಾರೆ ಅದರ ಜಾಡು ಹಿಡಿದು ಹೊರಟು, ಎರಡು ವಾರದಲ್ಲಿ ಅದನ್ನೇ ಬಡಿಸುತ್ತಾನೆ. ಉಂಡವನ ಮನಸ್ಸು ಹಗುರಾಗುತ್ತದೆ. ಓದಲು ಹಿತವಾಗಿದೆ, ನಿಜ. ಆದರೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವ ನಮ್ಮ ಮನೆಗಳವರಿಗೂ, ಓಬೊನ್ ದಿನಗಳಲ್ಲಿ ಪಿತೃಗಳನ್ನು ಮನೆಗೆ ಕರೆಯುವ ಜಪಾನೀಯರಿಗೂ, ಅದು ಒಂದೇ ಊಟಕ್ಕೆ ತೀರುವ ಋಣವಲ್ಲವೆಂದು ಗೊತ್ತಿದೆ.

ಬನಾನಾ ಯೋಶಿಮೊಟೊ ಅವರ 1988ರ 'ಕಿಚನ್' ಇದಕ್ಕಿಂತ ಪ್ರಾಮಾಣಿಕವಾಗಿದೆ. ಅಜ್ಜಿಯನ್ನು ಕಳೆದುಕೊಂಡು ಫ್ರಿಜ್ಜಿನ ಪಕ್ಕದಲ್ಲಿ ಮಲಗಿದರಷ್ಟೇ ನಿದ್ದೆ ಬರುತ್ತಿದ್ದ ಮಿಕಾಗೆ ಎಂಬ ಯುವತಿ, ಕೊನೆಗೊಂದು ರಾತ್ರಿ ಟ್ಯಾಕ್ಸಿ ಹಿಡಿದು ಗೆಳೆಯನಿಗೆ ಬಿಸಿ ಕತ್ಸುದೊನ್ (ಅನ್ನದ ಮೇಲೆ ಕರಿದ ಹಂದಿಮಾಂಸ) ಒಯ್ಯುತ್ತಾಳೆ. ಅವಳು ಒಯ್ಯುವುದು ಸತ್ತವರ ರುಚಿಯನ್ನಲ್ಲ, ಬದುಕಿ ಉಳಿದವನ ಹಸಿವಿಗೆ ಬೇಕಾದ ಊಟವನ್ನು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಿನದು ದುರಿಯನ್ ಸುಕೆಗಾವಾ ಅವರ 2013ರ 'ಆನ್'. ಎಪ್ಪತ್ತಾರರ ಟೊಕುಏ, ಬೆರಳುಗಳು ಸೊಟ್ಟಗಾದ ಕೈಯಲ್ಲೇ ಅಝುಕಿ ಎಂಬ ಕೆಂಪು ಕಾಳನ್ನು ಬೇಯಿಸಿ, ದೊರಾಯಾಕಿ (ಹೂರಣವಿಟ್ಟ ಸಿಹಿ ರೊಟ್ಟಿ) ಅಂಗಡಿಯ ಸೆಂತಾರೊಗೆ ಹೂರಣ ಮಾಡುವುದನ್ನು ಕಲಿಸುತ್ತಾಳೆ. ಅದುವರೆಗೂ ಅವನು ಬಳಸುತ್ತಿದ್ದುದು ಡಬ್ಬಿಯಲ್ಲಿ ಬರುವ ಸಿದ್ಧ ಹೂರಣವನ್ನು. ವ್ಯಾಪಾರ ಕುದುರುತ್ತದೆ. ಆಮೇಲೆ ಅವಳಿಗೆ ಹಿಂದೆ ಕುಷ್ಠರೋಗವಿತ್ತೆಂಬ ಸುದ್ದಿ ಹರಡಿ ಗಿರಾಕಿಗಳು ಮಾಯವಾಗುತ್ತಾರೆ. ರೋಗ ವಾಸಿಯಾಗಿ ದಶಕಗಳೇ ಕಳೆದಿರುತ್ತವೆ. ಇದು ಕಲ್ಪನೆಯ ಕ್ರೌರ್ಯವಲ್ಲ: 1907ರಲ್ಲಿ ಶುರುವಾಗಿ 1953ರಲ್ಲಿ ಹೊಸ ರೂಪ ಪಡೆದ ಕುಷ್ಠರೋಗಿಗಳ ಪ್ರತ್ಯೇಕವಾಸದ ಕಾನೂನನ್ನು ಜಪಾನ್ ರದ್ದು ಮಾಡಿದ್ದು 1996ರಲ್ಲಿ, ಅದು ಸಂವಿಧಾನಬಾಹಿರವೆಂದು ಕುಮಾಮೊಟೊ ನ್ಯಾಯಾಲಯ ತೀರ್ಪಿತ್ತದ್ದು 2001ರಲ್ಲಿ. ರೋಗಿಗಳನ್ನು ಇರಿಸುತ್ತಿದ್ದ ಆಶ್ರಮಗಳಲ್ಲಿ ಮದುವೆಯಾದವರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲಾಗುತ್ತಿತ್ತು. ಎಷ್ಟೋ ಮಂದಿಯ ಅಸ್ಥಿಯನ್ನು ಕುಟುಂಬದವರು ಒಯ್ಯಲಿಲ್ಲವಾದ್ದರಿಂದ ಅಲ್ಲೇ ಅಸ್ಥಿಮಂದಿರಗಳೂ ಎದ್ದವು. ಟೊಕುಏ ಸತ್ತರೆ ಎಡೆ ಇಡಲು ಮಕ್ಕಳಿಲ್ಲ. ಅವಳಿಂದ ಉಳಿಯುವುದು, ಕಾಳು ಹೇಳುವುದನ್ನು ಕಿವಿಗೊಟ್ಟು ಕೇಳು ಎಂದು ಅವಳು ಕಲಿಸಿದ ಕಸುಬು ಮಾತ್ರ, ಅದೂ ರಕ್ತಸಂಬಂಧವಿಲ್ಲದ, ಸೆರೆಮನೆ ಕಂಡು ಬಂದ ಒಬ್ಬನಲ್ಲಿ.

ಇಂಥ ಪುಸ್ತಕವನ್ನೂ 'ಮನಸ್ಸಿಗೆ ಮುದ ನೀಡುವ ಓದು' ಎಂದು ಬೆಕ್ಕು, ಕಾಫಿಗಳ ಸಾಲಿನಲ್ಲೇ ಇಟ್ಟು ಮಾರುತ್ತಾರೆ. ಅದರ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ, ಏಕೆಂದರೆ ಸಿಹಿಯ ಆಸೆಗೆ ಅದನ್ನು ಕೈಗೆತ್ತಿಕೊಂಡವರು ಅರ್ಧ ದಾರಿಯಲ್ಲಿ ಆ ಕಾನೂನನ್ನು ಎದುರಿಸಲೇಬೇಕಾಗುತ್ತದೆ.