ಎರಡನೇ ಲೈನು, ಕೊನೇ ಮನೆ

ಮೊನ್ನೆ ಕೊಡಗಿನ ಸಿದ್ದಾಪುರದ ನಮ್ಮ ಅಂಗಡಿಗೆ ಒಬ್ಬ ಅಕ್ಕ ಬಂದಿದ್ದರು. ಕಾಫಿ ತೋಟದಲ್ಲಿ ಕೆಲಸ. ಮಗಳಿಗೆ ಹಾಸ್ಟೆಲ್ ಅರ್ಜಿ ಹಾಕಬೇಕಿತ್ತು. ನನ್ನದು ಜೆರಾಕ್ಸ್ ಅಂಗಡಿ. ಆದರೆ ಜನ ಕರೆಯೋದು 'ಆನ್‌ಲೈನ್ ಅಂಗಡಿ' ಅಂತ. "ಆನ್‌ಲೈನ್ ಮಾಡಿಸ್ಬೇಕಿತ್ತು" ಅಂತ ಬರುತ್ತಾರೆ. ಏನನ್ನು ಅನ್ನೋದು ಆಮೇಲೆ.

ಅರ್ಜಿಯಲ್ಲಿ ವಿಳಾಸದ ಜಾಗ ಬಂತು. ಅಡ್ರೆಸ್ ಲೈನ್ 1, ಅಡ್ರೆಸ್ ಲೈನ್ 2. ನನಗೆ ಬಾಯಿಬಿಟ್ಟು ಓದುತ್ತಾ ಟೈಪ್ ಮಾಡೋ ಚಾಳಿ. "ಲೈನ್ ಒಂದು..." ಅಂದೆ.

"ಒಂದಲ್ಲ ಅಣ್ಣ. ನಮ್ಮದು ಎರಡನೇ ಲೈನು, ಕೊನೇ ಮನೆ" ಅಂದರು.

ನಗು ಬಂತು. ಅವರು ನಗಲಿಲ್ಲ. ಅವರು ಸರಿಯಾಗೇ ವಿಳಾಸ ಹೇಳಿದ್ದರು. ತೋಟದ ಕೆಲಸದವರ ಸಾಲು ಮನೆಗಳಿಗೆ ನಮ್ಮಲ್ಲಿ ಲೈನು ಅಂತಲೇ ಹೆಸರು.

ಅವತ್ತಿನಿಂದ ಈ ಲೈನ್ ಅನ್ನೋ ಪದ ತಲೆಯಲ್ಲಿ ಕೂತುಬಿಟ್ಟಿದೆ. ನಾವು ಇದನ್ನು ಎಷ್ಟು ಕಡೆ ಬಳಸುತ್ತೇವೆ ನೋಡಿ. ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ತಂತಿ ಮೇಲೆ ಬಿದ್ದರೆ 'ಲೈನ್ ಹೋಯ್ತು'. ಸರಿ ಮಾಡೋಕೆ ಕೊಡೆ, ಟಾರ್ಚ್ ಹಿಡಿದು ಬರುವವರು ಲೈನ್‌ಮನ್. (ಜುಲೈ ತಿಂಗಳಲ್ಲಿ ಕೊಡಗಿನವರು ದೇವರಿಗಿಂತ ಜಾಸ್ತಿ ನೆನೆಯೋದು ಇವರನ್ನೇ.) ರೇಷನ್ ಅಂಗಡಿ ಮುಂದೆ ಲೈನು. ಕಾಲೇಜು ಹುಡುಗರು ಹೊಡೆಯೋದು ಇನ್ನೊಂದು ಲೈನು. ಕೆಲಸಕ್ಕೆ ಅಡ್ಡಿ ಇಲ್ಲ ಅಂದರೆ 'ಲೈನ್ ಕ್ಲಿಯರ್'. ಅದು ರೈಲ್ವೆಯವರ ಮಾತು, ಆದರೆ ಕೊಡಗಿಗೆ ರೈಲೇ ಇಲ್ಲ! ಹಳೇ ಹಳಿಗಳು ಮಾತ್ರ ಬಂದಿವೆ, ಕಾಡಿನ ಅಂಚಲ್ಲಿ ಆನೆ ತಡೆಯೋ ಬೇಲಿಯಾಗಿ.

ಪದದ ಬೇರು ಹುಡುಕಿದರೆ ಅಗಸೆ ಗಿಡ ಸಿಗುತ್ತೆ. ಲ್ಯಾಟಿನ್‌ನಲ್ಲಿ ಅಗಸೆಗೆ ಲೀನುಮ್. ಅದರ ನಾರಿನ ದಾರ ಲೀನಿಯಾ. ಆ ದಾರವೇ ಮುಂದೆ ಇಂಗ್ಲಿಷಿನ ಲೈನ್ ಆಯಿತು. ಲಿನನ್ ಬಟ್ಟೆ, ಕೋಟಿನ ಒಳಗಿನ ಲೈನಿಂಗ್, ಎಲ್ಲಾ ಒಂದೇ ಮನೆತನ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಗೂ ನಮ್ಮ ಕರೆಂಟ್ ಲೈನಿಗೂ ನಂಟಿದೆ ಅಂದರೆ ಯಾರು ನಂಬುತ್ತಾರೆ, ಅಲ್ವಾ?

ದಾರ ಹಿಡಿದು ಎಳೆದರೆ ನೇರ ಗೆರೆ. ಗೆರೆಯಂತೆ ನಿಂತರೆ ಸಾಲು. ಬ್ರಿಟಿಷರು ಸೈನಿಕರ ಸಾಲು ವಸತಿಗೆ ಲೈನ್ಸ್ ಅನ್ನುತ್ತಿದ್ದರು. 1834ರಲ್ಲಿ ಕೊಡಗು ಅವರ ಕೈಗೆ ಹೋಯಿತು, ಆಮೇಲೆ ಬಿಳಿ ದೊರೆಗಳ ಕಾಫಿ ತೋಟ ಬಂದವು. ತೋಟಗಳಲ್ಲಿ ಕೂಲಿಯವರಿಗೆ ಕಟ್ಟಿದ ಸಾಲು ಮನೆಗಳಿಗೂ ಅದೇ ಹೆಸರು. ದೊರೆಗಳು ಹೋದರು, ಲೈನ್ ಮನೆ ಉಳಿಯಿತು.

ನೋಡದವರಿಗೆ ಹೇಳುತ್ತೇನೆ. ಉದ್ದಕ್ಕೆ ಒಂದೇ ಮಾಡು. ಎರಡು ಮನೆಗೆ ನಡುವೆ ಒಂದೇ ಗೋಡೆ. ಈ ಕಡೆ ಮಗು ಕೆಮ್ಮಿದರೆ ಆ ಕಡೆಯವರಿಗೆ ಎಚ್ಚರ. ಬಾಗಿಲ ಮುಂದೆ ಸೌದೆ, ಬಕೆಟ್, ಒಂದು ಹಗ್ಗದಲ್ಲಿ ನಾಲ್ಕು ಮನೆ ಬಟ್ಟೆ. ತೋಟದವರು ಕೆಲಸಗಾರರಿಗೆ ಮನೆ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬರೆದರು. ಚೆನ್ನಾಗಿ ಕಟ್ಟಿಕೊಟ್ಟ ಮಾಲೀಕರೂ ಇದ್ದಾರೆ, ಸುಳ್ಳು ಹೇಳಬಾರದು. ಆದರೆ ಎಷ್ಟು ಚೆನ್ನಾಗಿದ್ದರೂ ಅದು ಕೆಲಸ ಇರೋ ತನಕದ ಮನೆ. 2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯವರು ಆದಿವಾಸಿಗಳ ಗುಡಿಸಲು ಕಿತ್ತರಲ್ಲ, ಅಲ್ಲಿದ್ದವರಲ್ಲಿ ಬಹಳ ಮಂದಿ ಲೈನ್ ಮನೆ ಬಿಟ್ಟು ಬಂದವರೇ.

ನನ್ನ ತಕರಾರು ಇಂಗ್ಲಿಷ್ ಪದದ ಮೇಲಲ್ಲ. 'ಸಾಲು ಮನೆ' ಅಂತ ಕನ್ನಡ ಮಾಡಿದ ಕೂಡಲೇ ಗೋಡೆ ಎರಡಾಗಲ್ಲ. ನನಗೆ ಚುಚ್ಚೋದು 'ಲೈನಿನವರು' ಅನ್ನೋ ಮಾತು. "ಯಾರು ಬಂದಿದ್ದು?" "ಯಾರೋ ಲೈನಿನವರು." ಹೆಸರೂ ಇಲ್ಲ, ಊರೂ ಇಲ್ಲ. ಬಂಗಲೆಯಲ್ಲಿ ಇರೋರನ್ನು ಯಾರಾದರೂ 'ಬಂಗಲೆಯವರು' ಅಂದರೆ ಅದರಲ್ಲಿ ಮರ್ಯಾದೆ ಇರುತ್ತೆ. ಇದರಲ್ಲಿ ಇಲ್ಲ. ನಾನೂ ಅಂದಿದ್ದೇನೆ, ಎಷ್ಟೋ ಸಲ, ಸುಮ್ನೆ.

ಅರ್ಜಿ ಮುಂದಕ್ಕೆ ಹೋಗಲಿಲ್ಲ. ಮನೆ ನಂಬರ್ ಕೇಳಿತು. ಅವರ ಮನೆಗೆ ಬೇರೆ ನಂಬರ್ ಇಲ್ಲ. ಖಾಲಿ ಬಿಟ್ಟರೆ ಕೆಂಪು ಅಕ್ಷರ. '2' ಅಂತ ಹಾಕಿದೆ, ಒಪ್ಪಿಕೊಂಡಿತು. ಆಮೇಲೆ ವಿಳಾಸದ ದಾಖಲೆ ಕೇಳಿತು. ಅದಕ್ಕೆ ತೋಟದ ಮಾಲೀಕರ ಪತ್ರ ತರಬೇಕು. ಅಷ್ಟರಲ್ಲಿ ಕರೆಂಟೂ ಹೋಯಿತು.

"ಲೈನ್ ಬಂದ್ಮೇಲೆ ಬರ್ತೀನಿ ಅಣ್ಣ" ಅಂತ ಪ್ಲಾಸ್ಟಿಕ್ ಕವರ್‌ನಲ್ಲಿ ಕಾಗದ ಸುತ್ತಿಕೊಂಡು ಹೊರಟರು. ಕರೆಂಟ್ ಸಂಜೆಗೇ ಬಂತು. ಅವರು ಇನ್ನೂ ಬಂದಿಲ್ಲ. ಒಂದು ದಿನ ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ಅರ್ಜಿ ಅರ್ಧಕ್ಕೇ ಸೇವ್ ಆಗಿ ಕೂತಿದೆ, ಕೊನೇ ದಿನಕ್ಕೆ ಇನ್ನು ಒಂಬತ್ತು ದಿನ.