ಯಾರ ಹಂಗೂ ಬೇಡದ ಸ್ಟ್ಯಾಂಡು

ನನ್ನ ಮೋಟಾರ್‌ಸೈಕಲ್ಲಿಗೆ ನಡುಸ್ಟ್ಯಾಂಡ್ ಇಲ್ಲ. ನಲವತ್ತು ದಾಟಿದ ಗಂಡಸೊಬ್ಬ ಗಾಡಿಯ ಚೂಪು ಮೂತಿಗೆ ಮರುಳಾದ ಮೇಲೆ ಅದರ ಹೊಟ್ಟೆಯ ಕೆಳಗೆ ಏನಿದೆ, ಏನಿಲ್ಲ ಎಂದು ಬಗ್ಗಿ ನೋಡುವುದು ಅಪರೂಪ; ನಾನೂ ನೋಡಲಿಲ್ಲ. ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಕಚೇರಿಗೆ ಹೋಗಿ ಬರುವುದರಲ್ಲಿ ದಿನಕ್ಕೆ ಸುಮಾರು 40 ಕಿಲೋಮೀಟರ್ ಆಗುತ್ತದೆ. ಚೈನನ್ನು ಪ್ರತಿ 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಾಕಬೇಕೆಂದು ಗಾಡಿಯ ಜೊತೆ ಬಂದ ಪುಸ್ತಿಕೆ ಹೇಳುತ್ತದೆ. ಅಂದರೆ ಎರಡು ವಾರಕ್ಕೊಂದು ರವಿವಾರ ನನ್ನದಲ್ಲ, ಚೈನಿನದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಧಾರವಾಡದ ಕೆಂಪು ರಾಡಿ ಚೈನಿನ ಸಂದುಸಂದಿಗೂ ಮೆತ್ತಿಕೊಂಡು, ಪುಸ್ತಿಕೆಯ ಲೆಕ್ಕವನ್ನೂ ಕಾಯಲು ಬಿಡುವುದಿಲ್ಲ.

ನಡುಸ್ಟ್ಯಾಂಡ್ ಇಲ್ಲದ ಗಾಡಿಯ ಚೈನನ್ನು ಒರೆಸುವುದೆಂದರೆ ಒಂದು ಗೇಣು ಒರೆಸುವುದು, ಎದ್ದು ಗಾಡಿಯನ್ನು ಒಂದಿಷ್ಟು ಮುಂದೆ ನೂಕುವುದು, ಮತ್ತೆ ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಗೇಣು ಒರೆಸುವುದು. ಚೈನು ಪೂರ್ತಿ ಒಂದು ಸುತ್ತು ಬರಬೇಕಾದರೆ ಹಿಂಗಾಲಿ ಎರಡೂವರೆಯಿಂದ ಮೂರು ಸುತ್ತು ಉರುಳಬೇಕು. ಅಷ್ಟರಲ್ಲಿ ಗಾಡಿ ಐದು ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ನಮ್ಮ ಅಂಗಳ ಅಷ್ಟು ಉದ್ದವಿಲ್ಲದ ಕಾರಣ ಚೈನಿನ ಮೊದಲ ಅರ್ಧ ನಮ್ಮ ಮನೆಯಲ್ಲಿಯೂ ಉಳಿದರ್ಧ ಎದುರು ಮನೆಯ ಕಾಕಾನ ಬಾಗಿಲ ಮುಂದೆಯೂ ಸ್ವಚ್ಛವಾಗುತ್ತಿತ್ತು. ನೂಕುವ ಕೆಲಸ ಹೆಂಡತಿಯದಾಗಿತ್ತು. ಒಂದು ದಿನ ಆಕೆ, "ಇನ್ನ ಮ್ಯಾಲ ನಿಮ್ಮ ಗಾಡಿ ನೀವ ನೂಕ್ಕೋರಿ, ನನ್ನ ಒಲಿ ಮ್ಯಾಲ ಹಾಲು ಐತಿ" ಎಂದು ಒಳಗೆ ಹೋದಳು. ಯಾರ ಹಂಗೂ ಇಲ್ಲದೆ ಈ ಕೆಲಸ ಮಾಡಿಕೊಳ್ಳಬೇಕೆಂಬ ಹಟ ನನ್ನಲ್ಲಿ ಹುಟ್ಟಿದ್ದು ಆ ಘಳಿಗೆಯಲ್ಲಿ.

ಹೀಗೆ 2,800 ರೂಪಾಯಿಗೆ ಪ್ಯಾಡಾಕ್ ಸ್ಟ್ಯಾಂಡು ಮನೆಗೆ ಬಂತು. ರೇಸಿನ ಗಾಡಿಗಳಿಗೆ ಪಕ್ಕದ ಸ್ಟ್ಯಾಂಡೂ ಇರುವುದಿಲ್ಲ, ನಡುವಿನದೂ ಇರುವುದಿಲ್ಲ. ಓಟದ ಹಾದಿಯ ಹಿಂದೆ ಅವುಗಳನ್ನು ನಿಲ್ಲಿಸಿಕೊಳ್ಳುವ ಜಾಗಕ್ಕೆ ಪ್ಯಾಡಾಕ್ ಎನ್ನುತ್ತಾರೆ, ಅಲ್ಲಿ ಹಿಂಗಾಲಿಯನ್ನು ಎತ್ತಿ ಹಿಡಿಯುವ ಈ ಕಬ್ಬಿಣದ ಚೌಕಟ್ಟಿಗೆ ಅದೇ ಹೆಸರು ಬಂದಿದೆ. ಮೊದಲು ಈ ಪದಕ್ಕಿದ್ದ ಅರ್ಥ ಕುದುರೆ ಬಿಡುವ ಬಯಲು ಎಂದು ತಿಳಿದಾಗ, ಸಪ್ತಾಪುರದ ಅಂಗಳದಲ್ಲಿ ಎಣ್ಣೆ ಮೆತ್ತಿದ ಬನಿಯನ್ನು ತೊಟ್ಟು ನಿಂತ ನನಗೂ ಸ್ವಲ್ಪ ಗತ್ತು ಬಂದದ್ದು ಸುಳ್ಳಲ್ಲ.

ಸ್ಟ್ಯಾಂಡಿನ ತತ್ವ ಬಲು ಸರಳ. ಅದು ಒಂದು ಸನ್ನೆಗೋಲು. ಕಲ್ಲಿನ ಖಣಿಯಲ್ಲಿ ಹಾರಿ ಹಾಕಿ ಬಂಡೆ ಮೀಟುವವರು ಯಾವುದನ್ನು ನಂಬುತ್ತಾರೋ ಅದನ್ನೇ ಇದೂ ನಂಬಿದೆ. ನನ್ನ ಗಾಡಿ ಸುಮಾರು 150 ಕಿಲೋ, ಎಂದರೆ ಒಂದೂವರೆ ಕ್ವಿಂಟಲ್ ಜೋಳ. ಅದರಲ್ಲಿ ಎತ್ತಬೇಕಾದದ್ದು ಹಿಂದಿನ ಅರ್ಧವನ್ನಷ್ಟೇ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಇಡೀ ಚೀಲವನ್ನು ಬೆನ್ನ ಮೇಲೆ ಹೊತ್ತು ನಡೆಯುವಾಗ ಇಷ್ಟು ಉದ್ದದ ಹಿಡಿಕೆಯಿದ್ದೂ ನಾನು ಅರ್ಧ ಗಾಡಿ ಎತ್ತಲಾರೆನೇ ಎಂದುಕೊಂಡೆ. ನಾನು ನೋಡಿದ ವಿಡಿಯೋದಲ್ಲಿ ಹುಡುಗನೊಬ್ಬ ಒಂದು ಕೈಯಲ್ಲಿ ಗಾಡಿಯ ಹಿಂಭಾಗ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟ್ಯಾಂಡನ್ನು ಒತ್ತಿ, ನಗುನಗುತ್ತಾ ಎತ್ತಿಬಿಟ್ಟಿದ್ದ. ಆ ನಗು ನನ್ನನ್ನು ಕೆಡಿಸಿತು.

ಹುಡುಗ ಹೇಳದೇ ಬಿಟ್ಟ ಸಂಗತಿಗಳು ಹಲವು. ಸ್ಟ್ಯಾಂಡನ್ನು ಕೂಡಿಸಬೇಕಾದರೆ ಗಾಡಿ ನೆಟ್ಟಗೆ ನಿಂತಿರಬೇಕು. ಗಾಡಿ ನೆಟ್ಟಗೆ ನಿಲ್ಲಬೇಕಾದರೆ ಯಾರಾದರೂ ಹಿಡಿದಿರಬೇಕು. ಹಿಡಿಯುವವರಿದ್ದರೆ ನಾನು ಈ ಸ್ಟ್ಯಾಂಡನ್ನೇ ಕೊಳ್ಳುತ್ತಿರಲಿಲ್ಲ. ಕೆಲವು ಗಾಡಿಗಳ ಸ್ವಿಂಗ್ ಆರ್ಮಿನಲ್ಲಿ, ಅಂದರೆ ಹಿಂಗಾಲಿಯನ್ನು ಹಿಡಿದಿರುವ ಕವಲಿನಲ್ಲಿ, ಬಾಬಿನ್ ಎಂಬ ಉರುಟು ಗುಬ್ಬಿ ಕೂಡಿಸಲು ತಿರುಪಿನ ತೂತುಗಳಿರುತ್ತವೆ, ಸ್ಟ್ಯಾಂಡಿನ ಕೊಕ್ಕೆ ಅದಕ್ಕೆ ಭದ್ರವಾಗಿ ಕಚ್ಚಿಕೊಳ್ಳುತ್ತದೆ. ನನ್ನದಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ರಬ್ಬರ್ ಹೊದಿಸಿದ ಎರಡು ತೋಳುಗಳನ್ನು ಸ್ವಿಂಗ್ ಆರ್ಮಿನ ಕೆಳಗೆ ಒಂದೇ ಕಾಲಕ್ಕೆ, ಒಂದೇ ಎತ್ತರಕ್ಕೆ ಒಡ್ಡಬೇಕು. ಮದುವೆಮನೆಯಲ್ಲಿ ಎರಡೂ ಕಡೆಯ ಬೀಗರನ್ನು ಏಕಕಾಲಕ್ಕೆ ಸಮಾಧಾನಪಡಿಸಿದವರಿಗೆ ಮಾತ್ರ ಈ ಕಷ್ಟ ಅರ್ಥವಾದೀತು; ಎಡಗಡೆಯದು ಒಪ್ಪಿ ಕೂತಿತು ಎನ್ನುವಷ್ಟರಲ್ಲಿ ಬಲಗಡೆಯದು ಮುನಿಸಿಕೊಂಡು ಜಾರುತ್ತಿತ್ತು. ಅದರ ಮೇಲೆ ನಮ್ಮ ಅಂಗಳಕ್ಕೆ ಹಾಸಿರುವುದು ನುಣುಪಾದ ಶಹಾಬಾದ್ ಫರಸಿ. ಸ್ಟ್ಯಾಂಡಿಗೆ ಪುಟ್ಟ ಗಾಲಿಗಳಿವೆ. ಹಿಡಿಕೆ ಒತ್ತಿದಾಗಲೆಲ್ಲ ಗಾಡಿ ಮೇಲೇರುವ ಬದಲು ಸ್ಟ್ಯಾಂಡಿನ ಸಮೇತ ಗೇಟಿನ ಕಡೆಗೆ ಹೊರಡುತ್ತಿತ್ತು. ಕೊನೆಗೆ ಮಗಳ ಜಡೆಯ ರಬ್ಬರ್ ಬ್ಯಾಂಡನ್ನು ಮುಂದಿನ ಬ್ರೇಕಿನ ಲಿವರಿಗೆ ಬಿಗಿದು, ಏಳನೆಯ ಯತ್ನದಲ್ಲಿ ನಾನು ಗಾಡಿಯನ್ನು ಎತ್ತಿಯೇ ಎತ್ತಿದೆ.

ಹಿಂಗಾಲಿ ನೆಲ ಬಿಟ್ಟು ಬೆರಳ ತುದಿಯಲ್ಲಿ ಗಿರಗಿರನೆ ತಿರುಗಿದಾಗ ಆದ ಸಂತೋಷವನ್ನು ಹೇಳಲಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿದೆ, ಒರೆಸಿದೆ, ಎಣ್ಣೆ ಹಾಕಿದೆ. ಎಂಜಿನ್ ಚಾಲೂ ಮಾಡಿ ಗಾಲಿಯನ್ನು ತಾನಾಗಿಯೇ ತಿರುಗಿಸುವ ಉಪಾಯವೂ ಹೊಳೆಯಿತು. ಹಾಗೆ ಮಾಡಿದವರ ಬೆರಳು ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕಿದರೆ ಮತ್ತೆ ಹೊರಗೆ ಬರುವ ಖಾತ್ರಿಯಿಲ್ಲವೆಂಬುದು ಗೊತ್ತಿದ್ದುದರಿಂದ ಸುಮ್ಮನಾದೆ. ಆ ದಿನ ನಾನು ತೋರಿದ ಒಂದೇ ಒಂದು ಜಾಣತನ ಅದು. ಯಾಕೆಂದರೆ ಚೈನು ಇರುವ ಕಡೆಗೇ ಪಕ್ಕದ ಸ್ಟ್ಯಾಂಡೂ ಇದ್ದು ಕೈಗೆ ಅಡ್ಡ ಬರುತ್ತಿದ್ದುದರಿಂದ ಅದನ್ನು ಮೊದಲೇ ಕಾಲಿನಿಂದ ಮಡಚಿ ಇಟ್ಟಿದ್ದೆ.

ಕೆಲಸ ಮುಗಿಯಿತು. ಗಾಡಿಯ ಹಿಂದೆ ನಿಂತು, ಎರಡೂ ಕೈಯಿಂದ ಹಿಡಿಕೆಯನ್ನು ಮೇಲೆತ್ತಿದೆ. ಹಿಂಗಾಲಿ ಮೆಲ್ಲಗೆ ಫರಸಿಗೆ ತಾಗಿತು, ಸ್ಟ್ಯಾಂಡಿನ ತೋಳುಗಳು ಕಳಚಿಕೊಂಡವು. ಗಾಡಿ ಒಂದು ಕ್ಷಣ ಯಾರ ಹಂಗೂ ಇಲ್ಲದೆ ತಾನೇ ತಾನಾಗಿ ನೆಟ್ಟಗೆ ನಿಂತಿತ್ತು. ಮರುಕ್ಷಣ ಬಲಕ್ಕೆ ವಾಲಿ, ತುಳಸಿ ಕಟ್ಟೆಗೆ ಹೆಗಲು ಕೊಟ್ಟು ಮಲಗಿತು. ಒಳಗಿಂದ ಓಡಿ ಬಂದ ಅವ್ವ ಕೇಳಿದ ಮೊದಲ ಪ್ರಶ್ನೆ, "ತುಳಸಿಗೇನೂ ಆಗಿಲ್ಲಲಾ?" ಎಂಬುದು. ತುಳಸಿಗೆ ಏನೂ ಆಗಿರಲಿಲ್ಲ. ಬ್ರೇಕಿನ ಲಿವರು ಬಾಗಿತ್ತು, ಬಲಗಡೆಯ ಇಂಡಿಕೇಟರು ಮುರಿದಿತ್ತು, ಮಗಳ ರಬ್ಬರ್ ಬ್ಯಾಂಡು ಮಾತ್ರ ಕಟ್ಟಿದಲ್ಲೇ ಭದ್ರವಾಗಿತ್ತು. ಸೋಮವಾರ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿ ಕಚೇರಿಗೆ ಹೋದೆ.

ಶಬ್ದ ಕೇಳಿ ಬಂದವರಲ್ಲಿ ಎದುರು ಮನೆಯ ಕಾಕಾ ಮೊದಲಿಗರು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಎತ್ತುವ, ಇಳಿಸುವ ವಿದ್ಯೆಯಲ್ಲಿ ಅವರ ಮುಂದೆ ಬಾಯಿ ತೆರೆಯುವವರು ನಮ್ಮ ಓಣಿಯಲ್ಲಿ ಇಲ್ಲ. ಅಂದಿನಿಂದ ಚೈನಿನ ರವಿವಾರದ ಉಸ್ತುವಾರಿ ಅವರದೇ. ಅವರ ಮೊಮ್ಮಗ ಗಾಡಿಯನ್ನು ನೆಟ್ಟಗೆ ಹಿಡಿಯುತ್ತಾನೆ, ಪಕ್ಕದ ಮನೆಯ ಬಾಡಿಗೆಯ ಹುಡುಗ ತೋಳುಗಳು ಕೂತಿವೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾನೆ, ಮಗಳು ಬ್ರೇಕು ಹಿಡಿಯುತ್ತಾಳೆ, ನಾನು ಹಿಡಿಕೆ ಒತ್ತುತ್ತೇನೆ. ಕಾಕಾ ಕಟ್ಟೆಯ ಮೇಲೆ ಕೂತು, "ತಮ್ಮಾ, ನಾವು ಬೋಗಿ ಎತ್ತತಿದ್ವಿ ನೋಡು, ಅದಕ್ಕೂ ಇಷ್ಟು ಮಂದಿ ಬೇಕಾಗ್ತಿರಲಿಲ್ಲ" ಎನ್ನುತ್ತಾರೆ. ಎತ್ತಿದ ಮೇಲೆ ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ, ಚಹಾ. ಸ್ಟ್ಯಾಂಡಿನ ಬೆಲೆಯನ್ನು ಗಿರ್ಮಿಟ್ಟು ಯಾವಾಗಲೋ ದಾಟಿದೆ ಎಂದು ಹೆಂಡತಿ ಲೆಕ್ಕ ಹೇಳುತ್ತಾಳೆ.

ಕಳೆದ ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಗಾಡಿ ಏರಿತು, ಮಿರ್ಚಿ ಖಾಲಿಯಾಯಿತು, ಮಂದಿ ಮನೆಗೆ ಹೋದರು, ನಾನು ಚೈನು ಮುಗಿಸಿ ಕೈ ತೊಳೆದುಕೊಂಡು ಬಂದು ನೋಡಿದರೆ ಗಾಡಿ ಇನ್ನೂ ಮೇಲೆಯೇ ಇತ್ತು. ಗೇಟಿನವರೆಗೆ ಹೋಗಿ ಎದುರು ಮನೆಯ ಕಡೆಗೆ ದೀನನಾಗಿ ನೋಡಿದೆ. ಕಾಕಾ ಪೇಪರಿನಿಂದ ಮುಖ ಎತ್ತದೆ ಹೇಳಿದರು: "ಇಳಸೂದಕ್ಕ ಬ್ಯಾರೆ ಚಹಾ ಆಗಬೇಕು ನೋಡಪಾ."